ಕಾಂಪೋಸ್ಟ್ ಡಬ್ಬಿಯ ಕಪ್ಪು ಬೇಟೆಗಾರ: ಬೆಂಗಳೂರಿನಲ್ಲಿ ಕ್ಲೌನ್ ದುಂಬಿಯನ್ನು ಹುಡುಕಿ ಗುರುತಿಸುವ ಬಗೆ

ಮಳೆಗಾಲ ಶುರುವಾದರೆ ಸಾಕು, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ದೂರು ತಪ್ಪದೆ ಬರುತ್ತದೆ: ಹಸಿ ಕಸದ ಡಬ್ಬಿಯಲ್ಲಿ ಹುಳುಗಳಾಗಿವೆ, ಏನು ಸಿಂಪಡಿಸಬೇಕು? ಒಬ್ಬರು ಬೇವಿನ ಎಣ್ಣೆ ಎನ್ನುತ್ತಾರೆ, ಇನ್ನೊಬ್ಬರು ಸುಣ್ಣ ಎನ್ನುತ್ತಾರೆ, ಮೂರನೆಯವರು ಡಬ್ಬಿಯನ್ನೇ ಎಸೆಯಿರಿ ಎನ್ನುತ್ತಾರೆ. ಅದೇ ಡಬ್ಬಿಯೊಳಗೆ ನೊಣದ ಮೊಟ್ಟೆ, ಮರಿಹುಳುಗಳನ್ನು ತಿನ್ನಲೆಂದೇ ಬಂದು ಸೇರಿರಬಹುದಾದ ಒಂದು ಕಪ್ಪು ದುಂಬಿಯ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತುವುದಾದರೂ ಹೇಗೆ? ಅದು ಸಾಸಿವೆ ಕಾಳಿನಷ್ಟಿರುತ್ತದೆ, ಮುಟ್ಟಿದರೆ ಕಾಲು ಮಡಚಿಕೊಂಡು ಸತ್ತಂತೆ ಬಿದ್ದುಕೊಳ್ಳುತ್ತದೆ.

ಈ ದುಂಬಿಯ ಹೆಸರು ಕಾರ್ಸಿನಾಪ್ಸ್ ಪ್ಯುಮಿಲಿಯೊ. 1834ರಲ್ಲಿ ಎರಿಕ್ಸನ್ ಎಂಬ ಜರ್ಮನ್ ಕೀಟತಜ್ಞ ಇದನ್ನು ಮೊದಲು ವರ್ಣಿಸಿದ. ಹಿಸ್ಟರಿಡೇ ಎಂಬ ಕುಟುಂಬಕ್ಕೆ, ಅಂದರೆ ಕ್ಲೌನ್ ದುಂಬಿಗಳ ಗುಂಪಿಗೆ ಸೇರಿದ್ದು. ಈ ಕುಟುಂಬದಲ್ಲಿ ಪ್ರಪಂಚದಾದ್ಯಂತ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಕೋಳಿ ಸಾಕಣೆ ದೊಡ್ಡ ಪ್ರಮಾಣದಲ್ಲಿ ನಡೆಯುವ ದೇಶಗಳಲ್ಲಿ ಕಾರ್ಸಿನಾಪ್ಸ್ ಸಾಕಷ್ಟು ಪರಿಚಿತ. ಪಂಜರದ ಕೆಳಗೆ ರಾಶಿ ಬೀಳುವ ಹಿಕ್ಕೆಯಲ್ಲಿ ಮನೆನೊಣದ ಮೊಟ್ಟೆಗಳನ್ನು ಅದು ತಿಂದು ಮುಗಿಸುತ್ತದೆ ಎಂದು ಅಲ್ಲಿನ ಸಂಶೋಧಕರು ದಶಕಗಳಿಂದ ಅದರ ಬೆನ್ನು ಹತ್ತಿದ್ದಾರೆ. ನಮ್ಮಲ್ಲಿ ಚಿಟ್ಟೆಗೆ ಇರುವ ಅಭಿಮಾನಿಗಳಲ್ಲಿ ನೂರರಲ್ಲಿ ಒಂದು ಪಾಲೂ ಈ ಗುಂಪಿಗೆ ಇಲ್ಲ. ಹಾಗಾಗಿಯೇ ಹವ್ಯಾಸಿಯೊಬ್ಬರು ಮನಸ್ಸು ಮಾಡಿದರೆ ಇಲ್ಲಿ ನಿಜವಾದ ಕೆಲಸ ಆಗುತ್ತದೆ. ಅದಕ್ಕೆ ಬೇಕಾದ ಸಾಮಾನೆಲ್ಲ ಅಡುಗೆಮನೆಯಲ್ಲಿಯೂ ಪಕ್ಕದ ಸ್ಟೇಷನರಿ ಅಂಗಡಿಯಲ್ಲಿಯೂ ಸಿಗುತ್ತದೆ.

ದುಂಬಿಯನ್ನು ಹುಡುಕಬೇಡಿ, ಮರಿಹುಳುವನ್ನು ಹುಡುಕಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ. ಕ್ಲೌನ್ ದುಂಬಿಗಳಲ್ಲಿ ಹೆಚ್ಚಿನವು ಕೊಳೆಯುವ ವಸ್ತುವನ್ನು ತಿನ್ನುವುದಿಲ್ಲ. ಕೊಳೆಯುವುದನ್ನು ತಿನ್ನಲು ಬಂದವರನ್ನು ಅವು ತಿನ್ನುತ್ತವೆ. ದೊಡ್ಡ ದುಂಬಿಯೂ ಅದರ ಮರಿಯೂ ಎರಡೂ ಬೇಟೆಗಾರರೇ. ಆದ್ದರಿಂದ ಸಗಣಿಯೋ ಕಸವೋ ಇದ್ದ ಮಾತ್ರಕ್ಕೆ ಸಾಲದು, ಅದರಲ್ಲಿ ನೊಣದ ಮರಿಹುಳುಗಳು ಮಿಜಿಗುಡುತ್ತಿರಬೇಕು. ಮನೆನೊಣದ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ, ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ವಾರದೊಳಗೆ ಮರಿಹುಳು ಕೋಶಕ್ಕೆ ಹೋಗುತ್ತದೆ. ನಿಮ್ಮ ಹುಡುಕಾಟದ ಅವಧಿಯೂ ಅಷ್ಟೇ. ಈಗ ತಾನೇ ಬಿದ್ದ ಸಗಣಿಯಲ್ಲೂ ಒಣಗಿ ಬೆರಣಿಯಂತಾದದ್ದರಲ್ಲೂ ಸಮಯ ಕಳೆಯಬೇಡಿ. ಮೇಲೆ ಹಕ್ಕಳೆ ಕಟ್ಟಿ ಒಳಗೆ ಇನ್ನೂ ಹಸಿಯಾಗಿರುವುದನ್ನು ಆರಿಸಿ.

ಹುಡುಕಲು ಬೆಂಗಳೂರಿನಲ್ಲಿ ಸುಲಭವಾದ ಜಾಗ ನಿಮ್ಮದೇ ಕಾಂಪೋಸ್ಟ್ ಡಬ್ಬಿ, ಇಲ್ಲವೇ ಅಪಾರ್ಟ್‌ಮೆಂಟಿನ ಸಾಮೂಹಿಕ ಗೊಬ್ಬರದ ತೊಟ್ಟಿ. ಮೇಲಿನ ತಾಜಾ ತರಕಾರಿ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, ಅದರ ಕೆಳಗಿನ, ಅರೆ ಕೊಳೆತ ಪದರವನ್ನು ನೋಡಿ. ಅಲ್ಲಿ ಬೂದು ಬಣ್ಣದ, ಚಪ್ಪಟೆಯಾದ, ಒಂದು ಅಂಗುಲದಷ್ಟು ಉದ್ದದ ದಪ್ಪ ಹುಳುಗಳು ಕಂಡರೆ ಗಾಬರಿ ಬೇಡ, ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನಿರುಪದ್ರವಿ ನೊಣದ ಮರಿಗಳು. ಗೊಬ್ಬರ ಮಾಡುವುದರಲ್ಲಿ ಅವು ನಿಮಗಿಂತ ಚುರುಕು.

ಎರಡನೆಯದು ದನದ ಸಗಣಿ. ನಗರ ಎಷ್ಟು ಬೆಳೆದರೂ ಯಲಹಂಕ, ಕೆಂಗೇರಿ, ಬೇಗೂರು, ವರ್ತೂರಿನ ಹಳೆಯ ಊರಿನ ಭಾಗಗಳಲ್ಲಿ ಕೊಟ್ಟಿಗೆಗಳು ಇನ್ನೂ ಉಳಿದಿವೆ. ಕೊಟ್ಟಿಗೆಯ ಯಜಮಾನರನ್ನು ಕೇಳಿಯೇ ತಿಪ್ಪೆಗೆ ಕೈಹಾಕಿ. ಕೇಳುವಾಗಲೇ ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಡಿ: ಹಸುಗಳಿಗೆ ಇತ್ತೀಚೆಗೆ ಜಂತುಹುಳುವಿನ ಔಷಧ ಕೊಟ್ಟಿದ್ದೀರಾ? ಐವರ್‌ಮೆಕ್ಟಿನ್‌ನಂಥ ಔಷಧಗಳು ಸಗಣಿಯ ಮೂಲಕ ಹೊರಬಂದು ಅದರಲ್ಲಿ ಬೆಳೆಯುವ ಕೀಟಗಳನ್ನು ಕೊಲ್ಲುತ್ತವೆ. ಅಂಥ ಸಗಣಿಯನ್ನು ಗಂಟೆಗಟ್ಟಲೆ ಕೆದಕಿ ಬರಿಗೈಯಲ್ಲಿ ಮನೆಗೆ ಬಂದು, ಬೆಂಗಳೂರಿನಲ್ಲಿ ಈ ದುಂಬಿಗಳೇ ಇಲ್ಲ ಎಂದು ಬರೆದುಕೊಳ್ಳುವುದು ಬೇಡ.

ಕೋಳಿ ಫಾರಂ ಕಾರ್ಸಿನಾಪ್ಸ್‌ಗೆ ಎಲ್ಲಕ್ಕಿಂತ ಒಳ್ಳೆಯ ಜಾಗ. ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ ಪರಿಚಯದವರ ಫಾರಂ ಇದ್ದರೆ ಕೇಳಿ ನೋಡಿ. ಆದರೆ ಒಂದು ಫಾರಂನಲ್ಲಿ ತೊಟ್ಟ ಚಪ್ಪಲಿಯಲ್ಲಿ ಇನ್ನೊಂದಕ್ಕೆ ಕಾಲಿಡಬೇಡಿ. ಕೋಳಿರೋಗ ಹರಡುವ ದಾರಿಗಳಲ್ಲಿ ಅದೂ ಒಂದು. ಬೇಡ ಎಂದರೆ ಬೇಡ ಅಷ್ಟೆ, ಒತ್ತಾಯ ಮಾಡಬೇಡಿ.

ಬೇರೆ ಬಗೆಯ ಕ್ಲೌನ್ ದುಂಬಿ ನೋಡಬೇಕೆಂದರೆ ಮರದ ತೊಗಟೆಯಡಿ ಹುಡುಕಬೇಕು. ಏಪ್ರಿಲ್–ಮೇ ತಿಂಗಳ ಬಿರುಗಾಳಿ ಮಳೆಗೆ ಗುಲ್‌ಮೊಹರ್, ರೇನ್‌ಟ್ರೀಗಳು ಪ್ರತಿವರ್ಷ ಉರುಳುತ್ತವೆ. ಕತ್ತರಿಸಿದ ದಿಮ್ಮಿಗಳು ಪಾರ್ಕಿನ ಮೂಲೆಯಲ್ಲೋ ಫುಟ್‌ಪಾತಿನ ಮೇಲೋ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಈ ವಿಳಂಬಕ್ಕೆ ಬೈಯುವವರು ಬೈಯಲಿ, ದುಂಬಿ ಹುಡುಕುವವರಿಗೆ ಅದು ಅನುಕೂಲ. ತೊಗಟೆ ಸಡಿಲವಾಗಿ, ಅದರಡಿ ಒದ್ದೆಯಾಗಿ, ಹುಳಿ ವಾಸನೆ ಬರುವ ಹಂತದಲ್ಲಿ ಹೊಲೊಲೆಪ್ಟಾ ಎಂಬ ಕುಲದ ದುಂಬಿಗಳು ಸಿಗಬಹುದು. ಅವುಗಳ ಮೈ ಕಾಗದದ ಹಾಗೆ ತೆಳ್ಳಗೆ ಚಪ್ಪಟೆ, ದವಡೆಗಳು ಮುಂದಕ್ಕೆ ಚಾಚಿಕೊಂಡಿರುತ್ತವೆ. ಕೊಳೆತ ಬಾಳೆ ದಿಂಡಿನ ಪದರಗಳ ನಡುವೆಯೂ ಈ ಗುಂಪಿನವು ಇರುತ್ತವೆ. ತೊಗಟೆಯನ್ನು ಒಂದು ಕಡೆಯಿಂದ ಮಾತ್ರ ಎತ್ತಿ ನೋಡಿ, ನೋಡಿದ ಮೇಲೆ ಮತ್ತೆ ಮುಚ್ಚಿ. ಪೂರ್ತಿ ಸುಲಿದರೆ ಒಳಗಿನ ತೇವ ಒಂದೇ ದಿನದಲ್ಲಿ ಆರಿಹೋಗುತ್ತದೆ.

ಸತ್ತ ಪ್ರಾಣಿಗಳ ಮೇಲೂ ಈ ದುಂಬಿಗಳು ಬರುತ್ತವೆ. ಲೋಹದ ಹೊಳಪಿರುವ ಸಪ್ರಿನಸ್ ಕುಲದವು ಅಲ್ಲಿಯೇ ಹೆಚ್ಚು. ಆದರೆ ಬೀದಿಯಲ್ಲಿ ಸತ್ತ ನಾಯಿಯನ್ನೋ ಹೆಗ್ಗಣವನ್ನೋ ಹವ್ಯಾಸಕ್ಕಾಗಿ ಕೆದಕುವುದು ಬೇಡವೇ ಬೇಡ. ಸಪ್ರಿನಸ್ ಸಗಣಿಯಲ್ಲೂ ಸಿಗುತ್ತದೆ, ತಾಳ್ಮೆ ಇರಲಿ.

ಹೊರತೆಗೆಯುವುದು

ರಬ್ಬರ್ ಕೈಗವಸು ಹಾಕಿಕೊಳ್ಳಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಬಹಳ ಕಾಲವಾಗಿದ್ದರೆ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಗೊಬ್ಬರದಲ್ಲಿ ತಂತಿ, ಗಾಜಿನ ಚೂರು ಸಾಮಾನ್ಯ.

ಕಾಂಪೋಸ್ಟ್ ಆದರೆ ಹಿಟ್ಟು ಜರಡಿ ಹಿಡಿದಂತೆ ಹಿಡಿಯಬೇಕು. ಎರಡು ಜರಡಿ ಇದ್ದರೆ ಕೆಲಸ ಸಲೀಸು: ದೊಡ್ಡ ಕಣ್ಣಿನದು ಸಿಪ್ಪೆ, ಕಡ್ಡಿಗಳನ್ನು ತಡೆಯುತ್ತದೆ, ದುಂಬಿ ಕೆಳಗೆ ಬೀಳುತ್ತದೆ, ಸಣ್ಣ ಕಣ್ಣಿನದು ದುಂಬಿಯನ್ನು ಉಳಿಸಿಕೊಂಡು ಪುಡಿಮಣ್ಣನ್ನು ಬಿಡುತ್ತದೆ. ಉಳಿದದ್ದನ್ನು ಬಿಳಿ ತಟ್ಟೆಗೆ ಸುರಿದು ಸುಮ್ಮನೆ ಕುಳಿತುಕೊಳ್ಳಿ. ಈ ಸುಮ್ಮನೆ ಕುಳಿತುಕೊಳ್ಳುವ ಕೆಲಸವೇ ಹೊಸಬರಿಗೆ ಕಷ್ಟ. ಜರಡಿಯಾಡಿಸಿದಾಗ ಕ್ಲೌನ್ ದುಂಬಿಗಳೆಲ್ಲ ಸತ್ತ ನಾಟಕದಲ್ಲಿರುತ್ತವೆ, ಮಣ್ಣಿನ ಹರಳಿಗೂ ಅವಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೆಲವು ನಿಮಿಷ ಕಳೆದ ಮೇಲೆ ಒಂದೊಂದೇ ಹರಳು ಎದ್ದು ನಡೆಯತೊಡಗುತ್ತದೆ.

ಸಗಣಿಗೆ ಬಕೆಟ್ ವಿಧಾನವೇ ಸರಿ. ಅರ್ಧ ಬಕೆಟ್ ನೀರಿಗೆ ಸಗಣಿಯನ್ನೂ ಅದರಡಿಯ ಒಂದೆರಡು ಅಂಗುಲ ಮಣ್ಣನ್ನೂ ಹಾಕಿ ಕಡ್ಡಿಯಿಂದ ಕದಡಿ. ಮಣ್ಣು ಸೇರಿಸುವುದನ್ನು ಮರೆಯಬೇಡಿ, ಎಷ್ಟೋ ದುಂಬಿಗಳು ಸಗಣಿಯ ತಳ ಮಣ್ಣಿಗೆ ತಾಗುವ ಕಡೆಯೇ ಇರುತ್ತವೆ. ಸ್ವಲ್ಪ ಹೊತ್ತಿಗೆ ದುಂಬಿಗಳು ಮೇಲೆ ತೇಲಿ ಬರುತ್ತವೆ. ಟೀ ಸೋಸುವ ಹಳೆಯ ಜರಡಿಯಲ್ಲಿ ಎತ್ತಿಕೊಳ್ಳಿ. ಆ ಜರಡಿ ಮತ್ತೆ ಅಡುಗೆಮನೆಗೆ ಹೋಗಕೂಡದು ಎಂದು ಬೇರೆ ಹೇಳಬೇಕಿಲ್ಲ. ನೀರನ್ನು ಗಿಡಕ್ಕೆ ಸುರಿಯಿರಿ.

ತಾಳ್ಮೆ ಇಲ್ಲದವರಿಗೆ ಬರ್ಲೀಸ್ ಆಲಿಕೆ ಇದೆ. 20ನೆಯ ಶತಮಾನದ ಆರಂಭದಲ್ಲಿ ಇಟಲಿಯ ಆಂಟೋನಿಯೊ ಬರ್ಲೀಸ್ ರೂಪಿಸಿದ ಉಪಾಯ ಇದು. ಸೀಮೆಎಣ್ಣೆ ಸುರಿಯಲು ಬಳಸುತ್ತಿದ್ದಂಥ ದೊಡ್ಡ ಆಲಿಕೆಯ ಮೇಲೆ ತಂತಿಬಲೆ ಇಟ್ಟು, ಅದರ ಮೇಲೆ ಗೊಬ್ಬರ ಹರಡಿ, ಮೇಲಿನಿಂದ ಮಾಮೂಲಿ ಹಳದಿ ಬಲ್ಬು ಉರಿಸಿ. ಎಲ್‌ಇಡಿ ಬಲ್ಬಿನಲ್ಲಿ ಬಿಸಿ ಸಾಲುವುದಿಲ್ಲ. ಬಿಸಿಗೂ ಒಣಗುವಿಕೆಗೂ ಹೆದರಿ ಕೀಟಗಳು ಕೆಳಗಿಳಿಯುತ್ತವೆ, ಆಲಿಕೆಯ ಬಾಯಿಂದ ಕೆಳಗಿನ ಬಾಟಲಿಗೆ ಬೀಳುತ್ತವೆ. ಬಾಟಲಿಯಲ್ಲಿ ಒದ್ದೆ ಟಿಶ್ಯೂ ಕಾಗದ ಇಟ್ಟರೆ ಜೀವಂತ ಸಿಗುತ್ತವೆ. ಬಲ್ಬು ಗೊಬ್ಬರಕ್ಕೆ ತಾಗದಿರಲಿ, ಮನೆಯಲ್ಲಿ ಯಾರೂ ಇಲ್ಲದಾಗ ಉರಿಸಿ ಹೋಗಬೇಡಿ.

ಇದು ಕ್ಲೌನ್ ದುಂಬಿಯೇ?

ಕಪ್ಪಗೆ ಹೊಳೆಯುವ ಸಣ್ಣ ದುಂಬಿಗಳು ಗೊಬ್ಬರದಲ್ಲಿ ಹತ್ತಾರು ಬಗೆಯಲ್ಲಿ ಇರುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಮೂರು ಸಂಗತಿ ನೋಡಿದರೆ ಗೊಂದಲ ಬಹುಮಟ್ಟಿಗೆ ಬಗೆಹರಿಯುತ್ತದೆ. ಗಡುಸಾದ ಮೇಲ್ರೆಕ್ಕೆಗಳು ಹಿಂಬದಿಯಲ್ಲಿ ಕತ್ತರಿಸಿದಂತೆ ಮೊಟಕಾಗಿರಬೇಕು, ಹೊಟ್ಟೆಯ ಕೊನೆಯ ಎರಡು ಫಲಕಗಳು ಹೊರಗೆ ಕಾಣಬೇಕು. ಮೀಸೆ ಮೊಣಕೈಯಂತೆ ನಡುವೆ ಬಾಗಿ, ತುದಿಯಲ್ಲಿ ಪುಟ್ಟ ಗುಂಡು ಇರಬೇಕು. ಮುಂಗಾಲುಗಳು ಅಗಲವಾಗಿ, ಹೊರ ಅಂಚಿನಲ್ಲಿ ಹಲ್ಲುಗಳಿರಬೇಕು. ಸತ್ತಂತೆ ಬಿದ್ದಾಗ ಮೀಸೆಯನ್ನೂ ಕಾಲುಗಳನ್ನೂ ಮೈಯ ಕುಳಿಗಳೊಳಗೆ ಎಷ್ಟು ಬಿಗಿಯಾಗಿ ಮಡಚಿಕೊಳ್ಳುತ್ತದೆಂದರೆ, ಎರಡನೆಯ ಗುರುತು ನೋಡಲು ಅದು ಎದ್ದು ನಡೆಯುವ ತನಕ ಕಾಯಲೇಬೇಕು.

ಸಗಣಿ ದುಂಬಿಗಳಾದರೆ ಮೀಸೆಯ ತುದಿ ಎಸಳುಗಳಾಗಿ ಬಿಚ್ಚಿಕೊಳ್ಳುತ್ತದೆ. ಕೋಳಿ ಗೊಬ್ಬರದಲ್ಲಿ ಕಾರ್ಸಿನಾಪ್ಸ್ ಜೊತೆಗೇ ಸಿಗುವ ಆಲ್ಫಿಟೋಬಿಯಸ್ ದುಂಬಿಗೆ ಮೇಲ್ರೆಕ್ಕೆ ಹೊಟ್ಟೆಯನ್ನು ಪೂರ್ತಿ ಮುಚ್ಚುತ್ತದೆ, ಮೈಯೂ ಉದ್ದ. ಕೊಳೆತ ಹಣ್ಣಿಗೆ ಬರುವ ನಿಟಿಡ್ಯುಲಿಡೇ ದುಂಬಿಗಳು ಸ್ವಲ್ಪ ಮೋಸ ಮಾಡುತ್ತವೆ, ಏಕೆಂದರೆ ಅವುಗಳಲ್ಲೂ ಹಲವಕ್ಕೆ ಮೇಲ್ರೆಕ್ಕೆ ಮೊಟಕು, ಮೀಸೆಯ ತುದಿ ಗುಂಡು. ಆದರೆ ಆ ಮೀಸೆ ಬಾಗಿರುವುದಿಲ್ಲ.

ಫೋಟೊ: ಇಲ್ಲಿ ಸೋಮಾರಿತನ ಬೇಡ

ಕಂಡ ಜೀವಿಗಳ ಫೋಟೊ ಹಾಕಿ ಬಲ್ಲವರಿಂದ ಗುರುತಿಸಿಕೊಳ್ಳುವ ಐನ್ಯಾಚುರಲಿಸ್ಟ್‌ನಂಥ ತಾಣಗಳಲ್ಲಿ ಕ್ಲೌನ್ ದುಂಬಿಗಳ ಎಷ್ಟೋ ದಾಖಲೆಗಳು ಕುಟುಂಬದ ಹೆಸರಿನಾಚೆ ಹೋಗದೆ ನಿಂತಿರುವುದಕ್ಕೆ ತಜ್ಞರ ಕೊರತೆಗಿಂತ ಫೋಟೊಗಳ ಕೊರತೆಯೇ ಹೆಚ್ಚು ಕಾರಣ ಎಂಬುದು ನನ್ನ ಅನಿಸಿಕೆ. ಬೆನ್ನಿನ ಒಂದು ಫೋಟೊ ಚಿಟ್ಟೆಗೆ ಸಾಕು, ಇದಕ್ಕೆ ಸಾಲದು. ಈ ಗುಂಪಿನಲ್ಲಿ ಒಂದರಿಂದ ಇನ್ನೊಂದನ್ನು ಬೇರ್ಪಡಿಸುವ ಗುರುತುಗಳು ಎದೆಯ ಕೆಳಭಾಗದಲ್ಲಿ, ಹಣೆಯಲ್ಲಿ, ಮುಂಗಾಲಿನಲ್ಲಿ, ಹಿಂಬದಿಯ ಫಲಕದಲ್ಲಿ ಹಂಚಿಹೋಗಿವೆ.

ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಒಂದು ಕೊಳ್ಳಿ. ಇಷ್ಟು ಸಣ್ಣ ವಸ್ತುವಿನ ಮೇಲೆ ಕೈಯಲ್ಲಿ ಹಿಡಿದ ಫೋನ್ ನಿಲ್ಲುವುದಿಲ್ಲ, ಆದ್ದರಿಂದ ಎರಡು ದಪ್ಪ ಪುಸ್ತಕಗಳ ನಡುವೆ ಫೋನನ್ನು ಸೇತುವೆಯಂತೆ ಇಟ್ಟು, ಕೆಳಗಿನ ತಟ್ಟೆಯನ್ನೇ ಕಾಗದದ ಹಾಳೆಗಳಿಂದ ಎತ್ತರಿಸುತ್ತ ಫೋಕಸ್ ಮಾಡಿ. ಗುಂಡಿ ಒತ್ತುವಾಗ ಫೋನ್ ಅಲುಗದಂತೆ ಟೈಮರ್ ಹಾಕಿ.

ಬೆಳಕು ಇಲ್ಲಿ ದೊಡ್ಡ ತಲೆನೋವು. ನುಣ್ಣಗೆ ಹೊಳೆಯುವ ಕಪ್ಪು ಬೆನ್ನಿನ ಮೇಲೆ ಫ್ಲಾಷ್ ಬಿದ್ದರೆ ಒಂದು ಬಿಳಿ ಚುಕ್ಕೆ ಮತ್ತು ಸುತ್ತ ಕತ್ತಲೆ, ಇಷ್ಟೇ ಸಿಗುತ್ತದೆ. ಬಿಸಿಲಿನಲ್ಲೂ ಅದೇ ಪಾಡು. ಮೊಸರಿನ ಬಿಳಿ ಪ್ಲಾಸ್ಟಿಕ್ ಡಬ್ಬಿಯ ತಳವನ್ನು ಕತ್ತರಿಸಿ ತೆಗೆದು, ದುಂಬಿಯ ಸುತ್ತ ಗೋಡೆಯಂತೆ ನಿಲ್ಲಿಸಿ, ಮೇಲಿನ ತೂತಿನಿಂದ ಫೋಟೊ ತೆಗೆಯಿರಿ. ಎರಡು ಟೇಬಲ್ ಲ್ಯಾಂಪುಗಳ ಬೆಳಕು ಡಬ್ಬಿಯ ಹೊರಗಿನಿಂದ ಸೋಸಿ ಬರಲಿ. ಮೋಡ ಕವಿದ ದಿನ ಬಾಲ್ಕನಿಯಲ್ಲಿ ತೆಗೆದರೆ ಲ್ಯಾಂಪೂ ಬೇಡ, ಬೆಂಗಳೂರಿನಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಂಥ ದಿನಗಳಿಗೆ ಬರವಿಲ್ಲ.

ಕ್ರಮವಾಗಿ ತೆಗೆಯಬೇಕಾದ ಫೋಟೊಗಳು ಇವು. ಮೊದಲು ಗ್ರಾಫ್ ಹಾಳೆಯ ಮೇಲೆ ಇಟ್ಟು ಬೆನ್ನು, ಅಳತೆಗಾಗಿ. ಕಾರ್ಸಿನಾಪ್ಸ್ ಎರಡರಿಂದ ಮೂರು ಮಿಲಿಮೀಟರ್ ಒಳಗೇ ಇರುತ್ತದೆ, ಐದಾರು ಮಿಲಿಮೀಟರ್ ಇದ್ದರೆ ಅದು ಬೇರೆ ಯಾವುದೋ. ಆಮೇಲೆ ಮಗುಚಿ ಹಾಕಿ ಕೆಳಮೈ. ಸತ್ತ ನಾಟಕ ನಿಮಗೆ ನೆರವಾಗುವುದು ಇಲ್ಲಿಯೇ: ತೆಳುವಾದ ಬಣ್ಣದ ಬ್ರಷ್ಷಿನಿಂದ ಒಮ್ಮೆ ಮುಟ್ಟಿ ಮಗುಚಿದರೆ ಸ್ವಲ್ಪ ಹೊತ್ತು ಕದಲದೆ ಬಿದ್ದಿರುತ್ತದೆ. ಎದೆಯ ಮುಂಭಾಗದಲ್ಲಿ ಗದ್ದದ ಹಾಗೆ ಮುಂಚಾಚಿದ ಭಾಗ ಇದೆಯೋ ಇಲ್ಲವೋ ಎಂಬುದು ಆ ಫೋಟೊದಲ್ಲಿ ಕಾಣಬೇಕು. ಸಪ್ರಿನಸ್ ಮತ್ತು ಅದರ ನಂಟರಲ್ಲಿ ಅದು ಇರುವುದಿಲ್ಲ, ಹಿಸ್ಟರ್ ಎಂಬ ಕುಲ ಮತ್ತು ಅದರ ನಂಟರಲ್ಲಿ ಇರುತ್ತದೆ. ನಂತರ ಹಿಂಬದಿಯಿಂದ ಒಂದು, ಕೊನೆಯ ಫಲಕದ ಮೇಲಿನ ಚುಕ್ಕೆಗುಳಿಗಳು ಕಾಣುವಂತೆ. ಮುಂದಿನಿಂದ ಒಂದು, ಹಣೆಯ ಗೀರು ಕಾಣುವಂತೆ. ಎದ್ದು ನಡೆಯುವಾಗ ಮುಂಗಾಲಿನದು, ಹಲ್ಲುಗಳನ್ನು ಎಣಿಸುವಂತೆ. ಪಕ್ಕದಿಂದಲೂ ಒಂದಿರಲಿ.

ದುಂಬಿ ಓಡಾಟ ನಿಲ್ಲಿಸದಿದ್ದರೆ ಸಣ್ಣ ಡಬ್ಬಿಯಲ್ಲಿ ಹಾಕಿ ಕೆಲವು ನಿಮಿಷ ಫ್ರಿಜ್ಜಿನಲ್ಲಿಡಬಹುದು. ಎಲ್ಲಿಂದ ತಂದದ್ದು ಎಂಬುದನ್ನು ಮನೆಯವರಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಡಬ್ಬಿಯ ಮುಚ್ಚಳ ಮಾತ್ರ ಭದ್ರವಾಗಿರಲಿ.

ಗೀರು ಎಣಿಸುವುದು

ಮೇಲ್ರೆಕ್ಕೆಯ ಮೇಲೆ ಉದ್ದಕ್ಕೆ ಹರಿಯುವ ಗೀರುಗಳೇ ಈ ಕುಟುಂಬದ ಅಕ್ಷರಮಾಲೆ. ಎಣಿಕೆ ಹೊರಗಿನಿಂದ ಒಳಗೆ. ಹೊರ ಅಂಚಿನ ಕಡೆಯದು ಒಂದನೆಯದು, ಒಳಕ್ಕೆ ಬರುತ್ತ ಐದನೆಯದು, ಎರಡು ರೆಕ್ಕೆಗಳು ಕೂಡುವ ನಡುಗೆರೆಗೆ ಅಂಟಿದಂತಿರುವುದನ್ನು ಎಣಿಕೆಗೆ ಸೇರಿಸದೆ ಪ್ರತ್ಯೇಕವಾಗಿ ಗುರುತಿಸುತ್ತಾರೆ. ಯಾವ ಗೀರು ಬುಡದಿಂದ ತುದಿಯವರೆಗೆ ಪೂರ್ತಿ ಇದೆ, ಯಾವುದು ಅರ್ಧಕ್ಕೆ ನಿಂತಿದೆ, ಯಾವುದು ಇಲ್ಲವೇ ಇಲ್ಲ, ಗೀರಿನೊಳಗೆ ಚುಕ್ಕೆಗುಳಿಗಳಿವೆಯೇ, ಇಷ್ಟನ್ನು ಬರೆದುಕೊಳ್ಳಿ. ಕಾರ್ಸಿನಾಪ್ಸ್ ಪ್ಯುಮಿಲಿಯೊದಲ್ಲಿ ಗೀರುಗಳು ಚುಕ್ಕೆಗುಳಿಗಳಿಂದ ಕೂಡಿ ಸ್ಪಷ್ಟವಾಗಿರುತ್ತವೆ. ಬೆನ್ನ ಮೇಲೆ ಲೋಹದ ಹಸಿರು, ನೀಲಿ ಅಥವಾ ಕಂಚಿನ ಹೊಳಪು ಇದ್ದು, ಒಳಬದಿಯ ಗೀರುಗಳು ಮೊಟಕಾಗಿ ಹಿಂಭಾಗವೆಲ್ಲ ಗುಳಿಗಳಿಂದ ತುಂಬಿದ್ದರೆ ಸಪ್ರಿನಸ್ ಕಡೆಗೆ ಯೋಚಿಸಿ.

ಕುಲದ ಮಟ್ಟಕ್ಕೆ ಬಂದರೆ ನಿಲ್ಲಿಸಿ. ಪ್ರಭೇದದ ಹೆಸರು ಹಾಕಲೇಬೇಕೆಂಬ ಹಟ ಈ ಗುಂಪಿನಲ್ಲಿ ಸಲ್ಲದು, ಎಷ್ಟೋ ಪ್ರಭೇದಗಳನ್ನು ಗಂಡಿನ ಜನನಾಂಗವನ್ನು ಬಿಡಿಸಿ ನೋಡದೆ ತಜ್ಞರೇ ಹೇಳುವುದಿಲ್ಲ. ‘ಕಾರ್ಸಿನಾಪ್ಸ್ ಕುಲ, ಕೋಳಿ ಗೊಬ್ಬರ, ಹೊಸಕೋಟೆ’ ಎಂಬ ಪ್ರಾಮಾಣಿಕ ದಾಖಲೆಗೆ, ಊಹಿಸಿ ಬರೆದ ಪೂರ್ತಿ ಹೆಸರಿಗಿಂತ ಹೆಚ್ಚು ಬೆಲೆ ಇದೆ.

ಇಟ್ಟುಕೊಳ್ಳಬೇಕೇ?

ಹೆಚ್ಚಿನವರಿಗೆ ಫೋಟೊ ಸಾಕು, ತೆಗೆದ ಮೇಲೆ ಸಿಕ್ಕ ಕಡೆಯೇ ಬಿಟ್ಟುಬಿಡಿ. ಮಾದರಿ ಇಟ್ಟುಕೊಳ್ಳುವುದಾದರೆ ಶೇಕಡ 70ರ ಆಲ್ಕೋಹಾಲ್ ತುಂಬಿದ ಸಣ್ಣ ಶೀಶೆ ಬೇಕು. ಕೈ ತೊಳೆಯುವ ಸ್ಯಾನಿಟೈಸರ್ ಜೆಲ್ ಬೇಡ. ಸ್ಥಳ, ತಾರೀಕು, ಯಾವ ವಸ್ತುವಿನಲ್ಲಿ ಸಿಕ್ಕಿತು, ಸಂಗ್ರಹಿಸಿದವರ ಹೆಸರು ಇವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಶೀಶೆಯ ಒಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.

ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಲ್ಲಾಗಲಿ ತುರಹಳ್ಳಿಯಂಥ ಅರಣ್ಯ ಇಲಾಖೆಯ ಜಾಗಗಳಲ್ಲಾಗಲಿ ಲಿಖಿತ ಅನುಮತಿ ಇಲ್ಲದೆ ಏನನ್ನೂ ಸಂಗ್ರಹಿಸಬೇಡಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯವು, ಅಲ್ಲಿಯೂ ಕೇಳಿಯೇ ಮುಂದುವರಿಯಬೇಕು. ಹೊರದೇಶದ ತಜ್ಞರೊಬ್ಬರು ಮಾದರಿ ಕಳುಹಿಸಿ ಎಂದು ಪ್ರೀತಿಯಿಂದ ಕೇಳಿದರೂ ಅಂಚೆಗೆ ಹಾಕಬೇಡಿ, 2002ರ ಜೀವವೈವಿಧ್ಯ ಕಾಯ್ದೆ ಅದಕ್ಕೆ ಅಡ್ಡ ಬರುತ್ತದೆ. ಹೊರದೇಶಕ್ಕೆ ಕಳುಹಿಸುವ ಅಗತ್ಯವೂ ಇಲ್ಲ, ಬೆಂಗಳೂರಿನಲ್ಲಿಯೇ ಹೆಬ್ಬಾಳದ ಬಳಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ, ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗ ಇದೆ. ಹೋಗುವ ಮೊದಲು ಫೋಟೊಗಳ ಜೊತೆ ಪತ್ರ ಬರೆದು ಕೇಳಿ.

ದುಂಬಿಯನ್ನು ಉಳಿಸಿಕೊಳ್ಳಬೇಕೆಂದರೆ

ಕೀಟಗಳನ್ನು ಕೀಟಗಳಿಂದಲೇ ಹತೋಟಿಗೆ ತರುವ ಪ್ರಯೋಗಗಳಲ್ಲಿ ಈ ಕುಟುಂಬದ ಹೆಸರು ಹಳೆಯದು. ಬಾಳೆ ಗೆಡ್ಡೆಯ ಮೂತಿ ಹುಳುವನ್ನು ತಿನ್ನಲೆಂದು ಜಾವಾದಿಂದ ಪ್ಲೀಸಿಯಸ್ ಜಾವಾನಸ್ ಎಂಬ ಕ್ಲೌನ್ ದುಂಬಿಯನ್ನು ಫಿಜಿಗೆ ಒಯ್ದಿದ್ದರು. ಆಫ್ರಿಕಾದಲ್ಲಿ ಮೆಕ್ಕೆಜೋಳದ ಕಣಜಗಳನ್ನು ಹಾಳುಮಾಡುತ್ತಿದ್ದ ಕೊರಕ ದುಂಬಿಯ ವಿರುದ್ಧ ಟೆರೆಟ್ರಿಯಸ್ ನೈಗ್ರೆಸೆನ್ಸ್ ಎಂಬುದನ್ನು 1991ರಲ್ಲಿ ಟೋಗೊದಲ್ಲಿ ಬಿಟ್ಟರು. ನಮ್ಮ ತೆಂಗಿನ ತೋಟಗಳ ಗೊಬ್ಬರ ಗುಂಡಿಗಳಲ್ಲಿ ಕುರುವಾಯಿ ದುಂಬಿಯ ಮೊಟ್ಟೆ, ಮರಿಗಳನ್ನು ತಿನ್ನುವವರ ಪಟ್ಟಿಯಲ್ಲೂ ಸ್ಯಾಂಟಲಸ್ ಪ್ಯಾರಲೆಲಸ್ ಎಂಬ ಕ್ಲೌನ್ ದುಂಬಿ ಇದೆ.

ನಿಮ್ಮ ಡಬ್ಬಿಗೆ ದುಂಬಿಯನ್ನು ಎಲ್ಲಿಂದಲೋ ತಂದು ಬಿಡಬೇಕಾಗಿಲ್ಲ. ಮೊದಲ ಕೆಲಸ ಸಿಂಪಡಣೆ ನಿಲ್ಲಿಸುವುದು. ಎರಡನೆಯದು, ಗೊಬ್ಬರವನ್ನು ಒಮ್ಮೆಲೇ ಪೂರ್ತಿ ಖಾಲಿ ಮಾಡದಿರುವುದು. ತಳದಲ್ಲಿ ಒಂದು ಹಳೆಯ ಪದರವನ್ನು ಉಳಿಸಿ ಅದರ ಮೇಲೆ ಹೊಸ ಕಸ ಹಾಕಿ. ಕೋಳಿ ಫಾರಂಗಳಲ್ಲೂ ಇದೇ ಸಲಹೆ ಕೊಡುತ್ತಾರೆ, ಹಿಕ್ಕೆಯನ್ನೆಲ್ಲ ಒಟ್ಟಿಗೆ ಎತ್ತಿದರೆ ನೊಣ ಬೇಗನೆ ಮರಳಿ ಬರುತ್ತದೆ, ಅದನ್ನು ತಿನ್ನುವವರು ಬರಲು ತಡವಾಗುತ್ತದೆ. ಮೂರನೆಯದು ತೇವ. ನೀರು ಸೋರುವಷ್ಟು ಒದ್ದೆಯಾದರೆ ತೆಂಗಿನ ನಾರಿನ ಪುಡಿಯನ್ನೋ ಒಣ ಎಲೆಯನ್ನೋ ಬೆರೆಸಿ. ಇಷ್ಟಾದರೂ ನೊಣ ಪೂರ್ತಿ ಮಾಯವಾಗುತ್ತದೆಂದು ಎದುರುನೋಡಬೇಡಿ. ನೊಣ ಪೂರ್ತಿ ಮಾಯವಾದರೆ ದುಂಬಿಯೂ ಹಸಿದು ಹಾರಿಹೋಗುತ್ತದೆ.

ದಾಖಲೆ ಹಾಕುವಾಗ

ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಯಾವುದಾದರೂ ಸರಿ. ಒಂದೇ ದುಂಬಿಯ ಆರೂ ಫೋಟೊಗಳನ್ನು ಒಂದೇ ದಾಖಲೆಯಲ್ಲಿ ಸೇರಿಸಿ. ಎರಡು ಬೇರೆ ದುಂಬಿಗಳ ಫೋಟೊಗಳನ್ನು ಬೆರೆಸಿದರೆ ಗುರುತಿಸುವವರ ಶ್ರಮವೆಲ್ಲ ವ್ಯರ್ಥ. ಟಿಪ್ಪಣಿಯಲ್ಲಿ ಅಳತೆ, ಗೀರುಗಳ ವಿವರ, ಯಾವುದರಲ್ಲಿ ಸಿಕ್ಕಿತು, ಅದು ಎಷ್ಟು ದಿನದ್ದು, ಜೊತೆಯಲ್ಲಿ ಯಾವ ಮರಿಹುಳುಗಳಿದ್ದವು ಎಂದು ಬರೆಯಿರಿ. ಇನ್ನೊಬ್ಬರ ಫಾರಂ ಅಥವಾ ಕೊಟ್ಟಿಗೆಯಾದರೆ ನಿಖರ ಜಾಗವನ್ನು ಮರೆಮಾಡಿ, ಊರಿನ ಹೆಸರು ಸಾಕು. ಏನೂ ಸಿಗದ ದಿನವನ್ನೂ ನಿಮ್ಮ ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿಡಿ, ಯಾವ ತಿಂಗಳಲ್ಲಿ ದುಂಬಿ ಇರುವುದಿಲ್ಲ ಎಂಬುದು ಹಾಗೆಯೇ ತಿಳಿಯಬೇಕು. ತಿಂಗಳುಗಳು ಕಳೆದರೂ ಯಾರೂ ಉತ್ತರಿಸದಿದ್ದರೆ ದಾಖಲೆಯನ್ನು ಅಳಿಸಬೇಡಿ. ಯಾವ ಕೋನದ ಫೋಟೊ ಬಿಟ್ಟುಹೋಗಿದೆ ನೋಡಿಕೊಂಡು, ಮುಂದಿನ ಸಲ ಅದೇ ಡಬ್ಬಿಯ ದುಂಬಿಯಲ್ಲಿ ಆ ಕೋನವನ್ನು ತೆಗೆದು ಹೊಸ ದಾಖಲೆ ಮಾಡಿ, ಹಳೆಯದರ ಕೊಂಡಿಯನ್ನು ಟಿಪ್ಪಣಿಯಲ್ಲಿ ಕೊಡಿ.